ಅಂಬುಬಾಯಿಯ ಬೆಳವನಹಕ್ಕಿ

ಭಂಕೂರಿನಲ್ಲಿ ನಮ್ಮ ಪಕ್ಕದ ಮನೆಯ ಅಂಬುಬಾಯಿ ಯಾರಲ್ಲೂ ಕಲಿಯದೆಯೇ ಚಿತ್ರ ಬರೆಯುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಮಂಚಕ್ಕೆ ತಾಗಿದ ಕಲ್ಲಿನ ಗೋಡೆಯ ಮೇಲೆ ಒಂದು ಬೆಳವನಹಕ್ಕಿ ಬರೆದಳು. ಅದೇ ಕೊನೆಯದು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಮಗಳು ರಾಧಿಕಾ ತಾಯಿಯ ಬಲಗೈಯನ್ನು ಆ ಹಕ್ಕಿಯ ಎದೆಗೆ ಒತ್ತಿ ಹಿಡಿದು ಕುಳಿತಿದ್ದಳು.

"ಅವ್ವನ ಕೈ ಭಾಳ ತಣ್ಣಗಾಗ್ಯದ ಕಾಕಿ. ಇಲ್ಲಿ ಇಟ್ರ ಬೆಚ್ಚಗಾಗ್ತದ. ನೀವೂ ಮುಟ್ಟಿ ನೋಡ್ರಿ," ಎಂದಳು.

ಗೋಡೆಯೆಲ್ಲ ತಣ್ಣಗಿತ್ತು. ಹಕ್ಕಿಯ ಎದೆ ಮಾತ್ರ ಬೆಚ್ಚಗಿತ್ತು, ಬೆರಳ ಕೆಳಗೆ ಏನೋ ಸಣ್ಣಗೆ ಮಿಡಿಯುತ್ತಿತ್ತು. ಹೆದರಿ ಕೈ ತೆಗೆದೆ.

"ಅಂಜಬ್ಯಾಡವ್ವ, ನೀ ಅಂಜಿದ್ರ ಅದೂ ಅಂಜ್ತದ," ಎಂದು ಅಂಬುಬಾಯಿ ನಕ್ಕಳು.

ಮರುದಿನ ಆಕೆ ತೀರಿಕೊಂಡಳು. ಮೈ ತೊಳೆದವಳು ನಾನೇ. ಮೈಯೆಲ್ಲ ತಣ್ಣಗಾಗಿ ಸೆಟೆದಿತ್ತು. ಬಲ ಅಂಗೈ ಮಾತ್ರ ಮಣ್ಣಿಗೆ ಇಡುವವರೆಗೂ ಬೆಚ್ಚಗೇ ಇತ್ತು.