ದೊಣೆಯ ಕಪ್ಪು

"ಆ ನೀರನ್ನ ಕಾಡಿಗಿ ಎಣ್ಣಿ ಕಲಸಿ ಬರೀಬ್ಯಾಡ್ರಿ ಸರ. ಅಂಜನ ಆಗತೈತಿ."

ಹೇಳಿದವಳು ಅಂಬಮ್ಮ. ಕೆಳಗೆ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವಳು, ವಾರದ ರಜೆಗೆ ಬೆಟ್ಟದ ದೇವರಿಗೆ ಹೂವಿಟ್ಟು ಇಳಿಯುತ್ತಿದ್ದಳು. ಕೇಳಿದವನು ರೇಣುಕಾಪ್ರಸಾದ್, ಮಡಕಶಿರದಿಂದ ಹೊಸದಾಗಿ ವರ್ಗವಾಗಿ ಬಂದ ಡ್ರಾಯಿಂಗ್ ಮೇಷ್ಟ್ರು. ಬಂಡೆಗಳ ನಡುವೆ ಕೆರೆಯಂತೆ ಹರಡಿದ ದೊಣೆಯ ಮುಂದೆ ಕ್ಯಾನ್ವಾಸ್ ನಿಲ್ಲಿಸಿಕೊಂಡಿದ್ದ.

"ಅಂಜನದಾಗೆ ನಿನ್ನ ಕಳೆದೋದ ಕತ್ತರಿ ಕಾಣ್ತದೇನಮ್ಮ?"

"ನಗಬ್ಯಾಡ್ರಿ. ಮುತ್ತಜ್ಜನ ಕಾಲದಾಗ ಮಾಟ ಮಾಡಾವ ಒಬ್ಬನ್ನ ಕಣ್ಣು ಕಿತ್ತು ಇದರಾಗ ಮುಳುಗಿಸ್ಯಾರ. ಅಂಜನದಾಗ ಕಂಡ್ರ ಕಣ್ಣು ಕೇಳ್ತಾನ."

"ಕೇಳ್ಲಿ ಬಿಡು. ಜೊತೆಗೆ ಕನ್ನಡಕಾನೂ ಕೊಡ್ತೀನಿ."

ಅಂಬಮ್ಮ ಇಳಿದು ಹೋಗಲಿಲ್ಲ. ಹಠ ಹಿಡಿದ ಮಗುವನ್ನು ಕಾಯುವವಳಂತೆ ದೂರದ ಬಂಡೆಯ ನೆರಳಿನಲ್ಲಿ ಕೂತಳು.

ರೇಣುಕಾಪ್ರಸಾದನಿಗೆ ಈ ಊರೆಂದರೇ ತಾತ್ಸಾರ. ಕ್ಯಾಲೆಂಡರಿನ ನೀಲಿ ಕೆರೆಗೆ ತಲೆದೂಗುವ ಜನ. ತನ್ನಂಥ ಕಣ್ಣು ಸುತ್ತ ಹತ್ತೂರಲ್ಲಿ ಇನ್ನೊಬ್ಬರಿಗಿಲ್ಲ ಎಂದು ನಂಬಿದ್ದ. ಆ ಕಣ್ಣೇ ಅವನ ಅನ್ನ, ಅದೇ ಅವನ ಸೊಕ್ಕು. ಬಂಡೆಗಳನ್ನು ಕೆಮ್ಮಣ್ಣಿನ ಬಣ್ಣದಲ್ಲಿ ಚಾಕುವಿನಿಂದ ದಪ್ಪಗೆ ಮೆತ್ತಿದ. ಆಕಾಶವನ್ನು ಗೀರಿದ. ಕೊನೆಗೆ ನೀರಿಗೆ, ಬೇಕೆಂದೇ, ಕಾಡಿಗೆಗಪ್ಪನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಳಿದ.

ಟರ್ಪೆಂಟೈನಿನ ಘಾಟು ತಟ್ಟನೆ ಸತ್ತಿತು. ಕೊಳೆತ ಪಾಚಿಯ ವಾಸನೆ ಬಂತು. ಹಕ್ಕಿಗಳು ಸುಮ್ಮನಾದವು. ಹಸಿ ಕಪ್ಪಿನಲ್ಲಿ ಒಂದು ಮುಖ. ಕಣ್ಣಿರಬೇಕಾದಲ್ಲಿ ಎರಡು ಗುಳಿ. ತನ್ನದೇ ನೆರಳೆಂದು ತಲೆ ಅಲ್ಲಾಡಿಸಿದ. ಮುಖ ಅಲ್ಲಾಡಲಿಲ್ಲ. ಚಿತ್ರದೊಳಗಿನ ದಡವನ್ನು ಕೈಯಿಂದ ತಡವುತ್ತ ಮೇಲೆ ಬರುತ್ತಿತ್ತು.

ಚಾಕು ಹಿಡಿದು ಕಪ್ಪನ್ನು ಕೆರೆದ. ಬಿಸಿಲು ಮಂಕಾಯಿತು. ಮತ್ತೆ ಕೆರೆದ. ಎಡಗಡೆಯ ಬಂಡೆಗಳು ಮಾಯವಾದವು. ಮತ್ತೆ. ಮತ್ತೆ.

"ಬಿಡ್ರಿ ಸರ." ಓಡಿಬಂದ ಅಂಬಮ್ಮ ಅವನ ಕೈ ಹಿಡಿದಳು. "ನೀವು ಕೆರಿಯಾಕ ಹತ್ತಿದ್ದು ಬಣ್ಣ ಅಲ್ರಿ."

ಚಾಕು ಬಿತ್ತು. ಬಲಗಣ್ಣು ಉಳಿದಿತ್ತು. ಎಡಗಣ್ಣಿಗೆ ಬರೀ ಕತ್ತಲು. ಕ್ಯಾನ್ವಾಸಿನ ಮುಖದಲ್ಲಿ, ಒಂದು ಗುಳಿಯೊಳಗೆ, ಒದ್ದೆ ಕಣ್ಣೊಂದು ಮಿಟುಕಿತು. ಅವನದೇ ಕಣ್ಣು.

ಎಲ್ಲವನ್ನೂ ಅಲ್ಲೇ ಬಿಟ್ಟು, ಅಂಬಮ್ಮನ ಸೆರಗು ಹಿಡಿದು ಮೆಟ್ಟಿಲಿಳಿದ.

"ಹಿಂದ ನೋಡಬ್ಯಾಡ್ರಿ," ಎಂದಳು.

ಅವನು ನೋಡಬೇಕಾಗಿರಲಿಲ್ಲ. ಎಡಗಣ್ಣಿನ ಕತ್ತಲು ಮೆಲ್ಲಗೆ ತಿಳಿಯಾಯಿತು. ಕಳೆದುಕೊಂಡ ಆ ಕಣ್ಣು ಬೆಟ್ಟದ ಮೇಲಿಂದ ಅವನನ್ನೇ ನೋಡುತ್ತಿತ್ತು. ಬಣ್ಣ ಮೆತ್ತಿದ ಅಂಗಿ, ಬಾಗಿದ ಬೆನ್ನು. ಇಳಿದಂತೆಲ್ಲ ಆ ಬೆನ್ನು ಚಿಕ್ಕದಾಗಬೇಕಿತ್ತು.

ದೊಡ್ಡದಾಗುತ್ತಿತ್ತು.