ನಾಲ್ಕನೇ ಸಾಲಿನ ಇಪ್ಪತ್ತೊಂಬತ್ತನೇ ಗಿಡ

"ಯಾರ್ರೀ ಅದು? ನನ್ನ ಗಿಡ ಯಾಕ್ ಕೀಳ್ತಿದೀರ?"

ಮೇಘಾ ತಿರುಗಿಯೂ ನೋಡಲಿಲ್ಲ. ಟೊಮ್ಯಾಟೊ ಗಿಡದ ಬುಡಕ್ಕೆ ಕೈಹಾಕಿ, ನಾಲ್ಕು ಸಲ ಅಲುಗಾಡಿಸಿ, ಬೇರು ಸಮೇತ ಎಳೆದೇಬಿಟ್ಟಳು!

ಬೈಕನ್ನು ರಸ್ತೆಯಲ್ಲೇ ಬಿಟ್ಟು ಮುರುಗೇಶ್ ಬದುವಿನ ಮೇಲೆ ಓಡಿ ಬಂದ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಜಯದೇವಪ್ಪನ ಮಗ. ಮಿಲ್ಲಿಗಿಂತ ಊರಾಚೆಯ ಈ ಮೂರೆಕರೆ ಕೆಂಪು ಮಣ್ಣೇ ಅವನಿಗೆ ಇಷ್ಟ.

"ಕೇಳಿಸ್ಲಿಲ್ವಾ? ಹೇಳ್ದೆ ಕೇಳ್ದೆ ಹೊಲಕ್ಕೆ ನುಗ್ಗಿ..."

"ಬಾಡ್ತಾ ಐತೆ ಅಂತ ದಿನಾ ನೀರು ಬಿಟ್ರಿ. ಆದ್ರೂ ಬಾಡ್ತು. ಹೌದೋ ಅಲ್ವೋ?"

ಹೌದು. ಮುರುಗೇಶ್ ದಿನಾ ನೀರು ಬಿಟ್ಟಿದ್ದ.

ಅವಳು ಮಣ್ಣು ಕೊಡವಿ ಬೇರನ್ನು ಅವನ ಮೂಗಿನ ಮುಂದೆಯೇ ಹಿಡಿದಳು. ತೆಳ್ಳಗೆ ಬಿಳಿಯಾಗಿರಬೇಕಾದ ಬೇರು ಶುಂಠಿಯ ಹಾಗೆ ಊದಿಕೊಂಡಿತ್ತು. ಬೇರಿನ ತುಂಬಾ ಗಂಟು!

"ಬೇರುಗಂಟು ರೋಗ. ಕಣ್ಣಿಗೆ ಕಾಣದ ಜಂತುಹುಳು ಇದ್ರೊಳಗೆ ಕೂತು ಗಿಡದ ಊಟ ತಿಂತಾ ಅವೆ. ನೀವು ಮೇಲೆ ನೀರು ಸುರಿದ್ರೆ ಏನು ಬಂತು?"

ಮುರುಗೇಶ್ ಬೇರನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಕಣ್ಣು ಹೊಳೆಯುತ್ತಿದ್ದವು!

"ನನ್ನ ಹೊಲ ಹಾಳಾಗಿದ್ರೆ ನಿಮಗ್ಯಾಕ್ರೀ ಇಷ್ಟು ಖುಷಿ?"

"ಎಂಟು ಊರು ತಿರುಗಿದೀನಿ. ಇಷ್ಟು ಚೆನ್ನಾಗಿ ಕೆಟ್ಟಿರೋ ಹೊಲ ಎಲ್ಲೂ ಸಿಕ್ಕಿರ್ಲಿಲ್ಲ!"

ಜಗಳಕ್ಕೆಂದು ಬಂದವನು ಗೊಳ್ಳೆಂದು ನಕ್ಕುಬಿಟ್ಟ.

ಮೇಘಾ ಮೊಳಕಾಲ್ಮುರಿನ ನೇಕಾರರ ಮನೆಯ ಹುಡುಗಿ. ಕೃಷಿ ಎಂ.ಎಸ್ಸಿ. ಕೊನೆಯ ವರ್ಷ. ಬೇವಿನ ಕಹಿ, ಚೆಂಡುಹೂವಿನ ಬೇರಿನ ಘಾಟು... ಇಂಥವುಗಳಿಂದ ಜಂತುಹುಳುವನ್ನು ಎಷ್ಟು ಹತೋಟಿಗೆ ತರಬಹುದು ಎನ್ನುವುದು ಅವಳ ಪ್ರಬಂಧ. ಅದು ಹೊಲದಲ್ಲಿ ಸಾಬೀತಾಗಬೇಕು. ಇಲ್ಲದಿದ್ದರೆ ಡಿಗ್ರಿಯೇ ಇಲ್ಲ.

ಮುಂದಿನ ಬೆಳೆಗೆ ಮುರುಗೇಶ್ ಹೊಲದಲ್ಲೇ ಇದ್ದ ತಮ್ಮ ಮನೆಯ ಪಕ್ಕದ ನಾಲ್ಕು ಸಾಲು ಬಿಟ್ಟುಕೊಟ್ಟ. ಸಾಲಿಗೆ ನಲವತ್ತು ಗಿಡ. ಮೊದಲನೆಯದಕ್ಕೆ ಅವರದೇ ಮಿಲ್ಲಿನ ಬೇವಿನ ಹಿಂಡಿ. ಎರಡನೆಯದರ ನಡುನಡುವೆ ಚೆಂಡುಹೂವಿನ ಗಿಡ. ಮೂರನೆಯದಕ್ಕೆ ಅಂಗಡಿಯ ಔಷಧಿ. ನಾಲ್ಕನೆಯದಕ್ಕೆ...

"ಏನೂ ಇಲ್ಲ," ಎಂದಳು ಮೇಘಾ. "ಅದು ಖಾಲಿ ಸಾಲು."

"ಸಾಯ್ತದಲ್ರೀ ಅದು?"

"ಸಾಯ್ಲಿ. ಅದು ಸತ್ರೇನೇ ಉಳಿದದ್ದು ಯಾಕೆ ಬದುಕ್ತು ಅಂತ ಗೊತ್ತಾಗೋದು."

ಜಗುಲಿಯಲ್ಲಿ ಕಾಳು ಆರಿಸುತ್ತಿದ್ದ ಮುರುಗೇಶನ ತಾಯಿ ಅನ್ನಪೂರ್ಣಮ್ಮ ಲೊಚಗುಟ್ಟಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಪ್ರತಿ ಸೋಮವಾರ ಮೇಘಾ ಬಸ್ಸಿನಲ್ಲಿ ಬರುತ್ತಿದ್ದಳು. ಪ್ರತಿ ಸೋಮವಾರ ಮುರುಗೇಶನಿಗೆ ಬಸ್ ಸ್ಟಾಪಿನ ಹತ್ತಿರ ಏನಾದರೂ ಕೆಲಸವಿರುತ್ತಿತ್ತು.

"ಏನಪ್ಪ ಮುರುಗೇಶಪ್ಪ, ಸೋಮವಾರ ಬಂತಂದ್ರೆ ಶರ್ಟಿಗೆ ಇಸ್ತ್ರಿ ಬೀಳ್ತೈತೆ!" ಹೊಲದಾಳು ಬೋರಕ್ಕ ಕಳೆ ಕೀಳುತ್ತಲೇ ಕೂಗುತ್ತಿದ್ದಳು. "ಟೊಮ್ಯಾಟೊ ಗಿಡ ನಿನ್ನ ಶರ್ಟ್ ನೋಡ್ತಾವೇನಪ್ಪ?"

ಚೆಂಡುಹೂವು ಮೊದಲ ಸಲ ಅರಳಿದ ದಿನ ಅವನೊಂದು ಹೂವು ಕಿತ್ತು ಅವಳ ಮುಂದೆ ಹಿಡಿದ.

"ಹೂವಿನಿಂದ ನನ್ನ ಕೆಲ್ಸ ಆಗಲ್ಲ," ಎಂದಳು ಮೇಘಾ. "ಹುಳಕ್ಕೆ ಆಗದಿರೋದು ಇದ್ರ ಬೇರು."

"ಹುಳಕ್ಕಲ್ರೀ ಮೇಡಂ... ನಿಮಗೆ."

ಅವಳ ಕಿವಿ ಬಿಸಿಯಾಯಿತು. 'ಅಯ್ಯೋ ದಡ್ಡಿ!' ಎಂದು ತನ್ನನ್ನೇ ಬೈದುಕೊಂಡು ಹೂವನ್ನು ನೋಟ್‌ಬುಕ್ಕಿನೊಳಗೆ ಇಟ್ಟಳು. ಆ ವಾರದ ಲೆಕ್ಕವೆಲ್ಲ ಹಳದಿಯಾಯಿತು.

ಮಧ್ಯಾಹ್ನ ಅನ್ನಪೂರ್ಣಮ್ಮನ ಕೈಯ ಬಿಸಿ ರೊಟ್ಟಿ, ಹುರುಳಿಕಾಳು ಸಾರು. ಬೋರಕ್ಕನಿಗೂ ಮೇಘಾಳಿಗೂ ಜಗುಲಿಯ ಮೇಲೆ. ಮುರುಗೇಶನ ತಟ್ಟೆ ಮಾತ್ರ ಒಳಗೆ. ಯಾರೂ ಏನೂ ಹೇಳಿರಲಿಲ್ಲ. ಮೊದಲ ದಿನ ಹಾಗೆ ಬಡಿಸಿದ್ದು, ಹಾಗೇ ನಡೆಯಿತು. ಮೇಘಾ ಗಮನಿಸಿದಳು. ರೊಟ್ಟಿ ಚೆನ್ನಾಗಿತ್ತು, ಸುಮ್ಮನೆ ತಿಂದಳು.

ಎಂಟನೇ ಸೋಮವಾರ ಅವಳು ಬದುವಿನ ಮೇಲೇ ನಿಂತುಬಿಟ್ಟಳು.

ನಾಲ್ಕನೇ ಸಾಲು ಕಳೆದ ವಾರಕ್ಕಿಂತಲೂ ಹಸಿರಾಗಿತ್ತು! ಬಾಡಬೇಕಾದ ಸಾಲು ನಳನಳಿಸುತ್ತಿತ್ತು. ಹೊಂಗೆ ಮರದ ಕಡೆಯ ಕೊನೆಯ ಕೆಲವು ಗಿಡ ಮಾತ್ರ ಬಡವಾಗಿದ್ದವು. ಅದು ಮರದ ನೆರಳಿಗೆ ಎಂದುಕೊಂಡಿದ್ದಳು. ಮೊದಲ ಗಿಡವನ್ನು ಕಿತ್ತಳು. ಬಿಳಿ ಬೇರು. ಒಂದು ಗಂಟಿಲ್ಲ.

ಏನೂ ಹಾಕದ ಗಿಡವೇ ಹೀಗಿದ್ದರೆ ಬೇವಿನ ಹಿಂಡಿಗೆ ಏನು ಬೆಲೆ? ಇಷ್ಟು ದಿನದ ಕೆಲಸ, ಪ್ರಬಂಧ, ಡಿಗ್ರಿ...

"ಏನು ಹಾಕಿದ್ರಿ ಇದಕ್ಕೆ?"

"ಏನೂ ಹಾಕಿಲ್ಲ," ಎಂದ ಮುರುಗೇಶ್.

"ಸುಳ್ಳು! ಉಳಿದ ಔಷಧಿ ನಿಮ್ಮ ಹತ್ರಾನೇ ಇತ್ತು. ನಲವತ್ತು ಗಿಡದ ಕಾಯಿ ಹೋಗ್ತೈತೆ ಅಂತ ಹೊಟ್ಟೆ ಉರೀತಾ?"

"ನಾನು ಅಂಥೋನಾ, ಮೇಘಾ?"

ಮೇಡಂ ಅನ್ನದೆ ಅವನು ಹೆಸರು ಹಿಡಿದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅವಳು ಕುಣಿಯುತ್ತಿದ್ದಳು.

"ಗೊತ್ತಿಲ್ಲ! ಬೇರು ಸುಳ್ಳು ಹೇಳಲ್ಲ. ನೀವು ಹೇಳ್ತೀರ."

ಬ್ಯಾಗು ಎತ್ತಿಕೊಂಡು ಹೊರಟೇಹೋದಳು.

ಮುಂದಿನ ಸೋಮವಾರ ಮೇಘಾ ಮೊಳಕಾಲ್ಮುರಿನ ಮನೆಯಲ್ಲಿ ಮಗ್ಗದ ಪಕ್ಕ ಗೋಡೆ ನೋಡುತ್ತ ಕೂತಿದ್ದಳು.

"ಏಮಯಿಂದೇ?" ತಾಯಿ ತಿಪ್ಪಕ್ಕ ಲಾಳಿ ನಿಲ್ಲಿಸಿ ತೆಲುಗಿನಲ್ಲಿ ಕೇಳಿದಳು. ಏನಾಯಿತೇ?

ಮೇಘಾ ಎಲ್ಲವನ್ನೂ ಹೇಳಿದಳು. ಹೂವಿನದೊಂದು ಬಿಟ್ಟು.

"ಎಷ್ಟು ಗಿಡ ಕಿತ್ತು ನೋಡ್ದೆ?"

"ಒಂದು."

"ಒಂದು ಕಿತ್ತು ನಲವತ್ತಕ್ಕೂ ತೀರ್ಪು ಕೊಟ್ಟು ಬಂದ್ಯಾ? ಅಂಚಿನಾಗೆ ಎಳೆ ತಪ್ಪಿದ್ರೆ ಸೀರೆ ಹರಿದು ಹಾಕ್ತೀವೇನೇ? ಎಲ್ಲಿ ತಪ್ಪೈತೋ ಅಲ್ಲಿಗಂಟ ಬಿಚ್ಚಿ ನೋಡ್ತೀವಿ. ಎಂ.ಎಸ್ಸಿ. ಅಂತೆ ಎಂ.ಎಸ್ಸಿ.!"

ಮರುದಿನ ಮೊದಲ ಬಸ್ಸಿಗೆ ಮೇಘಾ ಚಳ್ಳಕೆರೆಯ ಕಡೆ ಹೊರಟಳು.

ಮುರುಗೇಶ್ ಹೊಲದಲ್ಲಿದ್ದ. ಅವಳನ್ನು ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ. ಅವಳು ಚಪ್ಪಲಿ ಬಿಟ್ಟು ನಾಲ್ಕನೇ ಸಾಲಿನಲ್ಲಿ ಕೂತಳು.

ಎರಡನೇ ಗಿಡ. ಬಿಳಿ ಬೇರು. ಮೂರು, ಬಿಳಿ. ಹತ್ತು, ಬಿಳಿ. ಉಗುರಿನೊಳಗೆಲ್ಲ ಮಣ್ಣು. ಹದಿನೈದಕ್ಕೆ ಅವಳ ಕಣ್ಣು ತುಂಬಿತು. ಇಪ್ಪತ್ತಕ್ಕೆ ಮುರುಗೇಶ್ ಪಕ್ಕದಲ್ಲಿ ಬಂದು ಕೂತು ಮಣ್ಣು ಸಡಿಲಿಸತೊಡಗಿದ. ಇಪ್ಪತ್ತೆಂಟು... ಬಿಳಿ.

ಇಪ್ಪತ್ತೊಂಬತ್ತು.

"ಮುರುಗೇಶ್! ಗಂಟು! ಇಲ್ನೋಡಿ, ಗಂಟು!"

ಮೂವತ್ತು... ಗಂಟು! ಮೂವತ್ತೊಂದು... ಶುಂಠಿಯ ಹಾಗೆ! ಮೇಘಾ ಎದ್ದು ನಿಂತು ಎರಡೂ ಕೈಯಲ್ಲಿ ಬೇರು ಹಿಡಿದು ಕುಣಿದಳು.

"ನೆರಳಲ್ಲ, ಹುಳ! ಔಷಧಿ ಹನಿ ನೀರಿನ ಪೈಪಿನಾಗೆ ಬಿಟ್ಟಿದ್ರೆ ನಲವತ್ತಕ್ಕೂ ಹೋಗ್ಬೇಕಿತ್ತು. ಇಲ್ಲಿ ಯಾರೋ ಕೈಯಾಗೆ ಹಾಕಿದಾರೆ. ಸರಿಯಾಗಿ ಇಲ್ಲಿಗೆ ನಿಲ್ಸಿದಾರೆ!"

"ಅಲ್ಲಿಗೆ ಚೀಲ ಮುಗೀತವ್ವ."

ಇಬ್ಬರೂ ತಿರುಗಿದರು. ಹಿಂದೆ ಅನ್ನಪೂರ್ಣಮ್ಮ ನಿಂತಿದ್ದಳು.

"ಬೇವಿನ ಹಿಂಡಿ. ಸಸಿ ನೆಟ್ಟ ಮಾರನೇ ದಿನ, ಬುಡಕ್ಕೊಂದು ಹಿಡಿ. ಮೂರು ಸಾಲಿಗೆ ಬಡ್ಸಿ ಒಂದು ಸಾಲನ್ನ ಉಪವಾಸ ಕೂರ್ಸೋದು ಪಂಕ್ತಿಭೇದ ಅಲ್ವೇನವ್ವ? ನಮ್ಮನೇಲಿ ಅದು ನಡೆಯಂಗಿಲ್ಲ. ಅವತ್ತು ನೀನು ಕೂಗಾಡ್ದಾಗ ನನಗೆ ಬಾಯೇ ಬರ್ಲಿಲ್ಲ."

"ಅವ್ವಾ! ಎಂಟು ದಿನದಿಂದ ಸುಳ್ಳ ಅನ್ನಿಸ್ಕಂಡು ತಿರುಗ್ತಿದೀನಿ ನಾನು!"

ಮೇಘಾಳಿಗೆ ನಗು ಬಂತು. ನಕ್ಕಳು. ನಗುತ್ತಿದ್ದವಳು ಹಾಗೇ ನಿಂತಳು.

"ಪಂಕ್ತಿಭೇದ ನಡೆಯಂಗಿಲ್ವಾ, ಅಮ್ಮ? ಮತ್ತೆ ಏಳು ಸೋಮವಾರ ನಾನು, ಬೋರಕ್ಕ ಜಗುಲಿ ಮೇಲೆ ಉಂಡ್ವಲ್ಲ... ಅದು?"

ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಬೋರಕ್ಕ ಕುಡುಗೋಲು ಕೆಳಗಿಟ್ಟು ದೂರದ ಬೇಲಿಯ ಕಡೆ ನೋಡಿದಳು. ಅನ್ನಪೂರ್ಣಮ್ಮ ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದುಬಿಟ್ಟಳು.

'ಮುಗೀತು,' ಅಂದುಕೊಂಡಳು ಮೇಘಾ. 'ಈಗ ನಿಜವಾಗ್ಲೂ ಮುಗೀತು.'

"ನಾನೂ ನೋಡ್ತಿದ್ದೆ," ಎಂದ ಮುರುಗೇಶ್ ಮೆಲ್ಲಗೆ. "ನನ್ನ ತಟ್ಟೆ ಒಳಗೆ, ನಿನ್ನದು ಹೊರಗೆ. ನೋಡಿ ಸುಮ್ನಿದ್ದೆ. ಔಷಧಿ ನಾನು ಹಾಕಿಲ್ಲ, ಆದ್ರೆ ಇದು ನನ್ನ ತಪ್ಪೇ."

"ನಂದೂ ಐತೆ. ಒಂದೇ ಗಿಡ ಕಿತ್ತು ನಿಮ್ಮನ್ನ ಸುಳ್ಳ ಅಂದೆ."

"ನಿನ್ನೆ ನಾನು ಮೂರು ಬಸ್ಸು ಕಾದೆ."

"ಇಸ್ತ್ರಿ ಶರ್ಟ್ ಹಾಕ್ಕಂಡಾ?"

"ಹೂಂ." ಅವನು ನಗಲಿಲ್ಲ. "ನೀನಂದ್ರೆ ನನಗೆ ಇಷ್ಟ, ಮೇಘಾ. ಹೂವು ಕೊಟ್ಟಾಗ್ಲೇ ಹೇಳ್ಬೇಕಿತ್ತು. ನೀನು ಬೇರಿನ ಪಾಠ ಹೇಳ್ದೆ."

"ಆ ಹೂವು ನನ್ನ ನೋಟ್‌ಬುಕ್ಕಿನಾಗೆ ಐತೆ," ಎಂದಳು ಮೇಘಾ. ಅವಳ ಎದೆ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು. "ಲೆಕ್ಕವೆಲ್ಲ ಹಾಳಾಯ್ತು. ಆದ್ರೂ ತೆಗೆದಿಲ್ಲ."

"ಕೈ ತೊಳ್ಕಂಡು ಒಳಗೆ ಬರ್ರಿ!" ಮನೆಯಿಂದ ಅನ್ನಪೂರ್ಣಮ್ಮನ ಕೂಗು. "ಬೋರಕ್ಕ, ನೀನೂನೂ!"

ನಡುಮನೆಯಲ್ಲಿ ನಾಲ್ಕು ತಟ್ಟೆ ಒಂದೇ ಸಾಲಿನಲ್ಲಿದ್ದವು. ಬೋರಕ್ಕ ಹೊಸಿಲ ಹತ್ತಿರ ಹಿಂಜರಿದಳು. ಅನ್ನಪೂರ್ಣಮ್ಮ ಅವಳ ತೋಳು ಹಿಡಿದು ಕೂರಿಸಿದಳು. ಯಾರ ಕ್ಷಮೆಯನ್ನೂ ಕೇಳಲಿಲ್ಲ. ಮೊದಲ ರೊಟ್ಟಿ ಬೋರಕ್ಕನ ತಟ್ಟೆಗೆ ಬಿತ್ತು, ಎರಡನೆಯದು ಮೇಘಾಳಿಗೆ. ಕೊನೆಗೆ ತನ್ನ ತಟ್ಟೆಯ ಮುಂದೆ ತಾನೂ ಕೂತಳು.

"ಈ ಬೆಳೆ ಪ್ರಬಂಧಕ್ಕೆ ಆಗಲ್ಲ," ಮೇಘಾ ಪಕ್ಕದಲ್ಲಿದ್ದ ಮುರುಗೇಶನಿಗೆ ಪಿಸುಗುಟ್ಟಿದಳು. "ಹಿಂಡಿ ಕೆಲ್ಸ ಮಾಡ್ತೈತೆ, ಕಣ್ಣಾರೆ ನೋಡ್ದೆ. ಆದ್ರೆ ಇನ್ನೊಂದು ಬೆಳೆ ತೆಗೀಬೇಕು. ಖಾಲಿ ಸಾಲು ಖಾಲಿನೇ ಇರ್ಬೇಕು."

"ಅವ್ವನ್ನ ಯಾರು ಕಾಯ್ತಾರೆ?"

"ನೀವೇ."

"ನನ್ನೊಬ್ಬನ ಕೈಲಿ ಆಗಲ್ಲ. ನೀನೂ ಇಲ್ಲೇ ಇರ್ಬೇಕು."

"ಒಂದು ಬೆಳೆಗಾ?"

"ಬೆಳೆ ಮುಗಿದ ಮೇಲೂ..."

ಮೇಘಾ ರೊಟ್ಟಿ ಮುರಿದಳು. ಎಷ್ಟು ತೊಳೆದರೂ ಉಗುರಿನೊಳಗಿನ ಕೆಂಪು ಮಣ್ಣು ಹೋಗಿರಲಿಲ್ಲ.

"ಹಾಗಾದ್ರೆ ಮೊಳಕಾಲ್ಮುರಿಗೆ ಬಂದು ನಮ್ಮಮ್ಮನ್ನ ಕೇಳಿ. ತಪ್ಪು ಸಿಗೋಗಂಟ ಬಿಚ್ಚಿ ನೋಡ್ತಾಳೆ, ಹುಷಾರು!"

"ಯಾವಾಗ ಬರ್ಲಿ?"

"ಸೋಮವಾರ," ಎಂದಳು ಮೇಘಾ. "ಶರ್ಟಿಗೆ ಇಸ್ತ್ರಿ ಹಾಕ್ಕಂಡು ಬನ್ನಿ."