ನೆಲ್ಲಿಕಾಯಿ ತಂದ ಬಳೆಗಾರ್ತಿ

ಹೇಳುವ ಬಾಯಿ ನನ್ನದು, ಕೇಳುವ ಕಿವಿ ನಿಮ್ಮದು. ನಡುವೆ ಆಕಳಿಸಿದರೆ ಕತೆ ಓಡಿಹೋಗುತ್ತದೆ, ಜೋಕೆ!

ಎಷ್ಟೋ ತಲೆಮಾರುಗಳ ಹಿಂದೆ, ಏಳು ಗುಡ್ಡಗಳ ಆಚೆ, ಹವಳದುರ್ಗ ಎಂಬ ರಾಜ್ಯವಿತ್ತು. ಅಲ್ಲಿ ಉದಯಾದಿತ್ಯನೆಂಬ ರಾಜ. ಅವನಿಗೆ ಪದುಮಲೆ ಎಂಬ ಒಬ್ಬಳೇ ಮಗಳು. ಆ ರಾಜ್ಯದ ಜನ ಒಳ್ಳೆಯವರು, ಆದರೆ ಅವರಿಗೊಂದು ಗೀಳಿತ್ತು. ರಾಜನ ಮುತ್ತಜ್ಜನಿಗೆ ಒಮ್ಮೆ ಹಸಿ ಸೌತೆಕಾಯಿ ತಿಂದು ಹೊಟ್ಟೆನೋವು ಬಂದಿತ್ತಂತೆ. ಅಂದಿನಿಂದ ಅರಮನೆಯೊಳಗೆ ಬರುವ ಪ್ರತಿಯೊಂದು ತಿನಿಸೂ ಏಳು ಕುದಿ ಕುದಿಯಬೇಕು ಎಂಬ ಕಟ್ಟಳೆಯಾಯಿತು. ಹಾಲಿಗೆ ಏಳು ಕುದಿ, ಸೊಪ್ಪಿಗೆ ಏಳು ಕುದಿ, ಬಾಳೆಹಣ್ಣಿಗೂ ಏಳು ಕುದಿ! ರಾಜನಂತೆ ಪ್ರಜೆ. ಊರಿನವರೂ ಮನೆಮನೆಯಲ್ಲಿ ಹಾಗೇ ಮಾಡತೊಡಗಿದರು.

ಆದರೂ ಹೊಲದ ಬದುವಿನಲ್ಲಿ ಬೆಳೆಯುವ ನೆಲ್ಲಿಕಾಯಿ, ಸೀಬೆಕಾಯಿ ಇವುಗಳ ತಂಟೆಗೆ ಯಾವ ಕಟ್ಟಳೆಯೂ ಬರಲಿಲ್ಲ. ದಾರಿಯಲ್ಲಿ ಹೋಗುವವರು ಕಿತ್ತರು, ಲಂಗಕ್ಕೋ ಪಂಚೆಗೋ ಒರೆಸಿಕೊಂಡರು, ತಿಂದರು. ರಾಜಕುಮಾರಿ ಕೂಡ ಕದ್ದು ತಿನ್ನುತ್ತಿದ್ದಳು. ಹಾಗಾಗಿ ಜನರ ಮೈ ಚೆನ್ನಾಗಿತ್ತು.

ಒಂದು ದಿನ ಧೂಮಕಂಠನೆಂಬ ಮಾಂತ್ರಿಕ ಬಂದ. ಅವನಿಗೆ ಮುನ್ನೂರು ವರ್ಷ, ಮುಖ ಮಾತ್ರ ಬೆಳಗಿದ ಹಿತ್ತಾಳೆ ಚೆಂಬಿನ ಹಾಗೆ ಹೊಳೆಯುತ್ತಿತ್ತು.

"ಮಹಾರಾಜ, ಹುಳಿ ತಿಂದರೆ ಚರ್ಮ ಸುಕ್ಕಾಗುತ್ತದೆ. ನಾನು ಹುಳಿ ಮುಟ್ಟೋದೇ ಇಲ್ಲ, ನನ್ನ ಮುಖ ನೋಡಿ! ಈ ಚಂದ್ರಲೇಪ ಹಚ್ಚಿಕೊಳ್ಳಿ, ಸಾಕು," ಎಂದ.

ಮಂಕುಬೂದಿ ಎರಚಿದರೆ ಜನ ಕಣ್ಣು ಮುಚ್ಚುತ್ತಾರೆ. ಇವರು ಅದನ್ನೇ ಮುಖಕ್ಕೆ ಹಚ್ಚಿಕೊಂಡರು. ರಾಜ ನೆಲ್ಲಿ, ಸೀಬೆ ಎನ್ನದೆ ಹುಳಿಕಾಯಿ ಬಿಡುವ ಮರಗಳನ್ನೆಲ್ಲ ಕಡಿಸಿದ. ದೂರದ ನೆಲ್ಲಿಗುಡ್ಡದ ಹಳೇ ಮರವೊಂದು ಯಾವ ಕೊಡಲಿಗೂ ಬೀಳಲಿಲ್ಲ. ಮಾಂತ್ರಿಕ ಅದರ ಸುತ್ತ ಬೇಲಿ ಕಟ್ಟಿ ಬಾಗಿಲಿಟ್ಟು, ಮೂರು ಪ್ರಾಣಿಗಳಿಗೆ ಮಾಟ ಮಾಡಿ ಕಾವಲಿಟ್ಟ. ಇತ್ತ ಚಂದ್ರಲೇಪ ಹಚ್ಚಿದವರ ಮೈಯ ಕಳೆಯೆಲ್ಲ ಸದ್ದಿಲ್ಲದೆ ಧೂಮಕಂಠನ ಮುಖಕ್ಕೆ ಹೋಗಿ ಸೇರುತ್ತಿತ್ತು.

ಮೂರು ವರ್ಷ ಕಳೆಯಿತು. ಜನರ ಚರ್ಮ ಒಣಗಿ ಒರಟಾಯಿತು. ಬಿರಿದ ಹಿಮ್ಮಡಿ ಕೂಡಲಿಲ್ಲ, ಗಾಯ ಮಾಯಲಿಲ್ಲ. ವಸಡಿನಲ್ಲಿ ರಕ್ತ. ಸುಮ್ಮನೆ ಕೈ ಹಿಡಿದರೂ ಅಲ್ಲೊಂದು ನೀಲಿ ಕಲೆ. ಜನ ಏನು ಮಾಡಿದರು? ಇನ್ನಷ್ಟು ಲೇಪ ಹಚ್ಚಿದರು!

ಹವಳದುರ್ಗದಲ್ಲಿ ನೀಲವ್ವ ಎಂಬ ಬಳೆಗಾರ್ತಿ ಇದ್ದಳು. ಅವಳ ಮಗಳು ದೇಮಿ. ನೀಲವ್ವನ ಕೈಗುಣ ಇಡೀ ರಾಜ್ಯಕ್ಕೆ ಗೊತ್ತು. ಎಂಥ ಗಟ್ಟಿ ಕೈಗೂ ಅವಳು ಬಳೆ ತೊಡಿಸುತ್ತಿದ್ದಳು, ಒಂದೂ ಒಡೆಯುತ್ತಿರಲಿಲ್ಲ. ಅವಳು ಮಗಳಿಗೆ ಹೇಳಿಕೊಟ್ಟ ಗುಟ್ಟು ಒಂದೇ: "ಬಳೆ ಬಲದಿಂದ ಹೋಗಲ್ಲ ಕಣೇ. ಕೈ ಬಿಗಿ ಹಿಡಿದವಳನ್ನ ಮೊದಲು ನಗಿಸು. ನಕ್ಕಾಗ ಕೈ ಮೆತ್ತಗಾಗುತ್ತೆ. ಆಗ ಬಳೆ ಜಾರಿಸು."

ಪದುಮಲೆಗೆ ಮದುವೆ ಗೊತ್ತಾಯಿತು. ಆ ರಾಜ್ಯದ ವಾಡಿಕೆ ಏನೆಂದರೆ, ಗಂಡಿನ ಕಡೆಯವರ ಎದುರಿಗೆ ಹೆಣ್ಣಿನ ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ ತೊಡಿಸಬೇಕು. ಕೈಯಲ್ಲಿ ರಕ್ತ ಕಂಡರೆ ಅಪಶಕುನ, ದಿಬ್ಬಣ ಹಿಂದಿರುಗುತ್ತದೆ. ಎರಡು ತಿಂಗಳು ಮುಂಚೆ ಅಳತೆ ನೋಡಲು ನೀಲವ್ವ ಒಂದೇ ಒಂದು ಬಳೆ ತೊಡಿಸಿದಳು. ಎಷ್ಟು ಹಗುರವಾಗಿ ತೊಡಿಸಿದರೂ ರಾಜಕುಮಾರಿಯ ಮುಂಗೈ ನೀಲಿಗಟ್ಟಿತು, ಚರ್ಮ ಬಿರಿದು ರಕ್ತ ಒಸರಿತು.

"ಇವಳ ಕೈಗುಣ ಕೆಟ್ಟಿದೆ!" ಎಂದು ಧೂಮಕಂಠ ಕೂಗಿದ. ರಾಜ ನೀಲವ್ವನನ್ನು ಸೆರೆಗೆ ಹಾಕಿಸಿದ. ಮಾಂತ್ರಿಕ ಅಷ್ಟಕ್ಕೇ ಬಿಡಲಿಲ್ಲ. "ಮದುವೆ ಮುರಿದರೆ ರಾಜಕುಮಾರಿಯನ್ನೂ ಸಿಂಹಾಸನವನ್ನೂ ನನಗೆ ಕೊಡಬೇಕು," ಎಂದು ಹೆದರಿದ ರಾಜನಿಂದ ಮಾತು ತೆಗೆದುಕೊಂಡ.

ದೇಮಿ ಅಳುತ್ತ ಕೂರಲಿಲ್ಲ. ಅವಳು ದಿನಕ್ಕೆ ನೂರು ಕೈ ಹಿಡಿಯುವವಳು. ಮೂರು ವರ್ಷದ ಹಿಂದೆ ಈ ಕೈಗಳು ಹೇಗಿದ್ದವು ಎಂಬುದು ಅವಳ ಬೆರಳಿಗೆ ನೆನಪಿತ್ತು. ಅವಳು ನೇರ ಆಸ್ಥಾನಕ್ಕೆ ಹೋದಳು.

"ಮಹಾರಾಜ, ಕೆಟ್ಟಿರೋದು ನಮ್ಮಮ್ಮನ ಕೈಯಲ್ಲ, ಊರಿನ ಚರ್ಮ. ನೆಲ್ಲಿಮರ ಕಡಿದ ಮೇಲೇ ಹೀಗಾಗಿದ್ದು. ನೆಲ್ಲಿಗುಡ್ಡದಿಂದ ಕಾಯಿ ತರ್ತೀನಿ. ರಾಜಕುಮಾರಿ ಕೈ ವಾಸಿಯಾದರೆ ನಮ್ಮಮ್ಮನ್ನ ಬಿಡಬೇಕು."

"ಆಗದಿದ್ದರೆ?" ಎಂದ ಧೂಮಕಂಠ.

"ಆಗದಿದ್ದರೆ ನಾನೂ ಸೆರೆಗೆ ಬರ್ತೀನಿ. ಅಮ್ಮನ ಜೊತೆಗಾದರೂ ಇರ್ತೀನಿ," ಎಂದಳು ದೇಮಿ.

ಬಳೆಮಲಾರ ಹೆಗಲಿಗೇರಿಸಿ ಅವಳು ಹೊರಟಳು. ಬಳೆಯ ಸರಗಳನ್ನು ಕಟ್ಟಿದ ಆ ಹೊರೆ ಹೆಜ್ಜೆಹೆಜ್ಜೆಗೂ ಘಲ್ ಘಲ್ ಅನ್ನುತ್ತಿತ್ತು. ಹತ್ತು ದಿನ ನಡೆದು ನೆಲ್ಲಿಗುಡ್ಡದ ಬುಡ ಮುಟ್ಟಿದಳು.

ಮೊದಲ ಬಾಗಿಲಲ್ಲಿ ಮನೆಯಷ್ಟು ದೊಡ್ಡ ಮುಳ್ಳುಹಂದಿ. ಮೈಯೆಲ್ಲ ಈಟಿಯಂಥ ಮುಳ್ಳು.

"ಯಾರು ನೀನು?"

"ಬಳೆಗಾರ್ತಿ."

"ಹಾಗಾದರೆ ನನಗೆ ಬಳೆ ತೊಡಿಸು. ಒಡೆದರೆ ನಿನ್ನನ್ನ ಚುಚ್ಚಿ ಹಾಕ್ತೀನಿ."

ಮುಳ್ಳುಹಂದಿ ಹೆದರಿ ಮೈ ಬಿಗಿಹಿಡಿದಿತ್ತು. ದೇಮಿ ಕೇಳಿದಳು: "ಅಲ್ಲಪ್ಪಾ, ನಿನ್ನ ಹೆಂಡತಿ ನಿನ್ನನ್ನ ಹೇಗೆ ಅಪ್ಪಿಕೊಳ್ತಾಳೆ?" ಮುಳ್ಳುಹಂದಿ ನಾಚಿತು, "ಹುಷಾರಾಗಿ," ಎಂದು ಹೇಳಿ ತಾನೇ ನಕ್ಕುಬಿಟ್ಟಿತು. ಮುಳ್ಳೆಲ್ಲ ಮಲಗಿದವು, ಬಳೆ ಕಾಲಿಗೆ ಜಾರಿತು. ಬಾಗಿಲು ತೆರೆಯಿತು.

ಎರಡನೇ ಬಾಗಿಲಲ್ಲಿ ಕರಡಿ. ಒಂದೊಂದು ಪಂಜವೂ ಒನಕೆಯಷ್ಟು ದಪ್ಪ.

"ಬಳೆ ತೊಡಿಸು. ಒಡೆದರೆ ಸೀಳಿ ಹಾಕ್ತೀನಿ."

"ತೊಡಿಸ್ತೀನಿ ಕಣಣ್ಣ. ನಿಮ್ಮೂರಲ್ಲಿ ಕ್ಷೌರಿಕರು ಯಾರೂ ಇಲ್ವಾ?" ಎಂದಳು ದೇಮಿ. ಕರಡಿ ತನ್ನ ಮೈ ತಾನೇ ನೋಡಿಕೊಂಡು ಬಿದ್ದು ಬಿದ್ದು ನಕ್ಕಿತು. ಪಂಜ ಹೂವಿನಂತೆ ಮೆತ್ತಗಾಯಿತು. ಬಳೆ ಜಾರಿತು, ಬಾಗಿಲು ತೆರೆಯಿತು.

ಮೂರನೇ ಬಾಗಿಲೇ ಇರಲಿಲ್ಲ. ನೆಲ್ಲಿಮರಕ್ಕೆ ಹಸಿರು ಹಾವೊಂದು ಏಳು ಸುತ್ತು ಸುತ್ತಿಕೊಂಡಿತ್ತು.

"ಬಳೆ ತೊಡಿಸು. ಆಗದಿದ್ದರೆ ನುಂಗಿ ಹಾಕ್ತೀನಿ," ಎಂದಿತು ಹಾವು.

ದೇಮಿ ಹಾವನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಿಲ್ಲ, ಕಾಲಿಲ್ಲ. ಹಾವಿನ ಕಣ್ಣಿನಲ್ಲಿ ನೀರು ಬಂತು. "ಮುನ್ನೂರು ಬಳೆಗಾರರು ಬಂದರೂ ನನಗೆ ಬಳೆಯ ಭಾಗ್ಯವಿಲ್ಲ," ಎಂದು ಅತ್ತಿತು.

"ನಿನಗ್ಯಾಕವ್ವ ಬಳೆ?" ಎಂದು ದೇಮಿ ಕೈ ಚಾಚಿದಳು. "ನೀನೇ ಬಳೆ. ಬಾ, ನನ್ನ ಕೈಗೆ ಬಾ."

ಹಾವಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದು ಕಿರಿದಾಗಿ, ಕಿರಿದಾಗಿ, ದೇಮಿಯ ಮುಂಗೈಯಲ್ಲಿ ಹಸಿರು ಬಳೆಯಾಗಿ ಕುಳಿತಿತು. ಮಾಟ ಕಳಚಿತು. "ಈ ಮರದ ಕಾಯಿ ಬಾಡುವುದಿಲ್ಲ. ಬುಟ್ಟಿ ತುಂಬಿಕೋ," ಎಂದಿತು.

ದೇಮಿ ಬುಟ್ಟಿ ತುಂಬಿಕೊಂಡಳು, ಮಡಿಲಲ್ಲೂ ಒಂದಷ್ಟು ಕಟ್ಟಿಕೊಂಡಳು. ಹಿಂದಿರುಗುವ ಹತ್ತು ದಿನವೂ ದಿನಕ್ಕೆರಡು ಕಾಯಿ ತಿಂದಳು. ಅಬ್ಬಾ, ಆ ಹುಳಿ! ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮೇಲೆ ನೀರು ಕುಡಿದರೆ ಮಾತ್ರ ಬಾಯೆಲ್ಲ ಸಿಹಿ. ಊರು ಮುಟ್ಟುವಷ್ಟರಲ್ಲಿ ಅವಳ ವಸಡಿನ ರಕ್ತ ನಿಂತಿತ್ತು, ಬಿರಿದ ಹಿಮ್ಮಡಿ ಕೂಡಿಕೊಳ್ಳುತ್ತಿತ್ತು. ಈಗಿನವರು ಆ ಗುಣಕ್ಕೆ ವಿಟಮಿನ್ ಸಿ ಎಂದು ಹೆಸರಿಟ್ಟಿದ್ದಾರೆ. ದೇಮಿಗೆ ಹೆಸರು ಗೊತ್ತಿರಲಿಲ್ಲ, ಹಿಮ್ಮಡಿ ಗೊತ್ತಿತ್ತು.

ಬುಟ್ಟಿಯನ್ನು ಅರಮನೆಯ ಬಾಗಿಲಲ್ಲೇ ಬಾಣಸಿಗ ಸಿಂಗಪ್ಪ ಇಸಿದುಕೊಂಡ. ಹತ್ತು ದಿನ ರಾಜಕುಮಾರಿ ನೆಲ್ಲಿಕಾಯಿಯ ಗಂಜಿ ಕುಡಿದಳು. ಹನ್ನೊಂದನೇ ದಿನ ಕೈ ನೋಡಿದರೆ, ಕಲೆ ಇದ್ದಲ್ಲೇ ಇದೆ! ಧೂಮಕಂಠ ಕೇಕೆ ಹಾಕಿ ನಕ್ಕ. ಕೊಟ್ಟ ಮಾತಿನಂತೆ ದೇಮಿ ಸೆರೆಗೆ ಹೋದಳು.

ಅಮ್ಮನನ್ನು ಕಂಡದ್ದೇ ದೇಮಿಯ ಅಳು ಉಕ್ಕಿ ಬಂತು. "ಸೋತೆ ಕಣಮ್ಮ," ಎಂದಳು.

ನೀಲವ್ವ ಮಗಳ ಕೈ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. "ಸೋತವಳ ಕೈ ಹೀಗಿರುತ್ತಾ? ಒಂದು ಕಲೆಯಿಲ್ಲ! ನೀನು ಕಾಯಿ ಹೇಗೆ ತಿಂದೆ?"

"ಹಾಗೇ. ಕಚ್ಚಿಕೊಂಡು."

"ರಾಜಕುಮಾರಿಗೆ ಹೇಗೆ ಕೊಟ್ಟರು?"

ದೇಮಿ ಹಣೆ ಹಣೆ ಚಚ್ಚಿಕೊಂಡಳು. "ಏಳು ಕುದಿ! ಅಯ್ಯೋ ಅಮ್ಮಾ, ಸಿಂಗಪ್ಪ ಏಳು ಕುದಿ ಕುದಿಸಿರ್ತಾನೆ!"

"ಸತ್ವವನ್ನೆಲ್ಲ ಒಲೆಗೆ ಕೊಟ್ಟು, ಚರಟ ರಾಜಕುಮಾರಿಗೆ ಕೊಟ್ಟಿದ್ದಾರೆ," ಎಂದಳು ನೀಲವ್ವ. ಹೇಳಿದವಳು ಮಗಳ ಮಡಿಲಿನಿಂದ ಒಂದು ಕಾಯಿ ತೆಗೆದು ಬಾಯಿಗೆ ಹಾಕಿಕೊಂಡಳು.

ಮಾರನೇ ಬೆಳಗ್ಗೆ ಸೆರೆಮನೆಯ ಕಿಟಕಿಯಲ್ಲಿ ಪದುಮಲೆಯ ಮುಖ ಕಾಣಿಸಿತು. "ನನ್ನ ದೆಸೆಯಿಂದ ನಿಮಗೆ ಹೀಗಾಯ್ತು. ಕ್ಷಮೆ ಕೇಳೋಕೆ ಬಂದೆ," ಎಂದಳು.

"ಕ್ಷಮೆ ಆಮೇಲೆ. ಮೊದಲು ಇದನ್ನ ತಿನ್ನಿ," ಎಂದು ದೇಮಿ ಸರಳಿನ ಸಂದಿಯಲ್ಲಿ ಕಾಯಿ ಚಾಚಿದಳು.

"ಹಸಿಯದಾ? ಕಟ್ಟಳೆ..."

"ಚಿಕ್ಕವರಿದ್ದಾಗ ಕದ್ದು ತಿನ್ನುವಾಗ ಕಟ್ಟಳೆ ಎಲ್ಲಿಗೆ ಹೋಗಿತ್ತು?"

ಪದುಮಲೆ ನಕ್ಕಳು, ಕಚ್ಚಿದಳು. ಅಂದಿನಿಂದ ದಿನವೂ ಬೆಳಗ್ಗೆ ಬಂದಳು, ದಿನಕ್ಕೆರಡು ತಿಂದಳು. ಮುಖಕ್ಕೆ ಲೇಪ ಹಚ್ಚುವುದನ್ನೂ ಬಿಟ್ಟಳು. ಒಂದು ವಾರಕ್ಕೆ ವಸಡಿನ ರಕ್ತ ನಿಂತಿತು. ಎರಡು ವಾರಕ್ಕೆ ಕಲೆ ತಿಳಿಯಾಯಿತು. ಮೂರು ವಾರಕ್ಕೆ ಮುಂಗೈಯ ಗಾಯ ಪೂರ್ತಿ ಮಾಯಿತು. ಅವಳ ಬಣ್ಣ ಎಣ್ಣೆಗಪ್ಪು, ಅದು ಹಾಗೇ ಇತ್ತು. ಅದರ ಮೇಲೆ ಆರೋಗ್ಯದ ಕಳೆ ಬಂದಿತ್ತು.

ಬಳೆಶಾಸ್ತ್ರದ ದಿನ ಬಂತು. ಆಸ್ಥಾನ ತುಂಬಿತ್ತು. ಗಂಡಿನ ಕಡೆಯವರು ಕುಳಿತಿದ್ದರು. ಧೂಮಕಂಠ ಸಿಂಹಾಸನದ ಅಳತೆಯನ್ನು ಕಣ್ಣಲ್ಲೇ ನೋಡುತ್ತಿದ್ದ.

"ನೀಲವ್ವನೇ ತೊಡಿಸಬೇಕು, ಇಲ್ಲದಿದ್ದರೆ ನಾನು ಕೈ ನೀಡಲ್ಲ," ಎಂದಳು ಪದುಮಲೆ. ರಾಜ ತಾಯಿ ಮಗಳಿಬ್ಬರನ್ನೂ ಕರೆಸಿದ.

ನೀಲವ್ವ ರಾಜಕುಮಾರಿಯ ಕೈ ಹಿಡಿದಳು. ಹೆದರಿಕೆಗೆ ಕೈ ಕಟ್ಟಿಗೆಯಂತಾಗಿತ್ತು. ನೀಲವ್ವ ಒಂದು ಹಸಿ ನೆಲ್ಲಿಕಾಯಿ ಕೊಟ್ಟಳು. ಸಭೆ ಹೌಹಾರಿತು. ರಾಜಕುಮಾರಿ ಕಚ್ಚಿದಳು, ಮೂಗು ಸೊಟ್ಟಗಾಯಿತು, ಒಂದು ಕಣ್ಣು ಮುಚ್ಚಿತು. ಮೇಲೆ ಒಂದು ಗುಟುಕು ನೀರು. "ಸಿಹಿ!" ಎಂದು ಅವಳು ಕಿಲಕಿಲ ನಕ್ಕಳು. ನಕ್ಕ ಕ್ಷಣವೇ ಕೈ ಮೆತ್ತಗಾಯಿತು, ಬಳೆ ಜಾರಿತು. ಒಂದು, ಎರಡು, ಮೂರು... ಎರಡೂ ಕೈಗೆ ಡಜನ್ ಡಜನ್! ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

ರಾಜ ಎದ್ದು ನಿಂತ. "ಅರಮನೆಯ ಗಂಜಿಯಲ್ಲಿ ಆಗದ್ದು ಇದು ಹೇಗಾಯ್ತು?"

"ಏಳು ಕುದಿಯಲ್ಲಿ ನೆಲ್ಲಿಯ ಸತ್ವ ಸತ್ತಿತ್ತು, ಮಹಾರಾಜ. ಹಸಿಯದು ತಿಂದರು, ವಾಸಿಯಾಯ್ತು," ಎಂದಳು ದೇಮಿ.

"ತನ್ನಿ! ಎಲ್ಲರಿಗೂ ಹಂಚಿ! ನಾನೇ ಮೊದಲು!" ಎಂದ ರಾಜ. ಸಿಂಗಪ್ಪ ಬುಟ್ಟಿಯಲ್ಲಿ ಉಳಿದಿದ್ದ ಕಾಯಿಗಳನ್ನು ಕತ್ತರಿಸಿ ಹಂಚಿದ. ರಾಜ ಕಚ್ಚಿದ, ಮಂತ್ರಿ ಕಚ್ಚಿದ, ಬೀಗರು ಕಚ್ಚಿದರು. ಇಡೀ ಆಸ್ಥಾನ ಒಟ್ಟಿಗೇ ಮುಖ ಸೊಟ್ಟ ಮಾಡಿತು. ಚಂದ್ರಲೇಪಕ್ಕೆ ಅದು ತಡೆಯುತ್ತದೆಯೇ? ಚಟ್ ಚಟ್ ಎಂದು ಬಿರಿದು, ಹಳೇ ಗೋಡೆಯ ಸುಣ್ಣದಂತೆ ಉದುರಿ ಬಿತ್ತು.

"ನನಗೆ ಬೇಡ," ಎಂದು ಧೂಮಕಂಠ ಹಲ್ಲು ಬಿಗಿಹಿಡಿದ. ಆಗ ದೇಮಿಯ ಕೈಯ ಹಸಿರು ಬಳೆ ಹೆಡೆ ಎತ್ತಿ "ಬುಸ್" ಎಂದಿತು. ಮಾಂತ್ರಿಕ "ಆಂ!" ಎಂದು ಬಾಯಿ ತೆರೆದ, ದೇಮಿ ಹೋಳು ಎಸೆದಳು. ಅವನ ಮುಖ ಸೊಟ್ಟಗಾಯಿತು. ಹೊಳಪು ಬಿರಿಯಿತು. ಕದ್ದ ಕಳೆಯೆಲ್ಲ ಬೆಳಕಿನ ಹುಡಿಯಂತೆ ಹಾರಿ ತನ್ನತನ್ನ ಒಡೆಯರ ಮೈ ಸೇರಿತು. ಉಳಿದದ್ದು ಮುನ್ನೂರು ವರ್ಷದ ಸುಕ್ಕು ಮುದುಕ. ಅವನು ಮುಖ ಮುಚ್ಚಿಕೊಂಡು ಓಡಿದವನು ಇನ್ನೂ ಓಡುತ್ತಲೇ ಇದ್ದಾನೆ.

ರಾಜ ನೀಲವ್ವನಿಗೆ ಕೈ ಮುಗಿದ. "ತಪ್ಪಾಯ್ತು ತಾಯಿ. ಏನು ಬೇಕು ಕೇಳು."

"ಕಡಿಸಿದಷ್ಟು ಮರ ನೆಡಿಸಿ, ಬುದ್ಧಿ. ಏಳು ಕುದಿಯಿಂದ ಹಣ್ಣುಕಾಯಿಯನ್ನ ಬಿಟ್ಟುಬಿಡಿ," ಎಂದಳು ನೀಲವ್ವ.

ಮರಗಳು ಬೆಳೆದವು, ಊರಿಗೆ ಊರೇ ಹಸಿ ನೆಲ್ಲಿಕಾಯಿ ತಿಂದಿತು, ಗಾಯಗಳು ಮಾಯ್ದವು. ಇಂದಿಗೂ ಹವಳದುರ್ಗದಲ್ಲಿ ಮದುವಣಗಿತ್ತಿಗೆ ಮೊದಲು ನೆಲ್ಲಿಕಾಯಿ, ಆಮೇಲೆ ನೀರು, ಅವಳು ನಕ್ಕ ಮೇಲೆ ಬಳೆ.

ಅಂದು ಮದುವೆ ಮುಗಿದ ಮೇಲೆ ಹಸಿರು ಹಾವು ದೇಮಿಯ ಕೈಯಿಂದ ಇಳಿದು ತನ್ನ ಮರಕ್ಕೆ ಹೊರಟಿತು. ದೇಮಿಯ ಕೈ ಬೋಳಾಯಿತು.

"ಊರಿಗೆಲ್ಲ ಬಳೆ ತೊಡಿಸಿ ನನ್ನ ಮಗಳ ಕೈ ಬರಿದಾ? ಕೊಡು ಇಲ್ಲಿ," ಎಂದಳು ನೀಲವ್ವ.

ದೇಮಿ ಕೈ ಕೊಟ್ಟಳು. ನಗಿಸುವ ಕೆಲಸವೇ ಇರಲಿಲ್ಲ. ಅಮ್ಮನ ಬೆರಳು ತಾಗಿದ್ದೇ ಅವಳು ನಗುತ್ತಿದ್ದಳು.